ಪೊಲೀಸರು ನಿಲ್ಲಿಸಿದಾಗ ನಮಗೆ ಗೊತ್ತಿರಬೇಕಾದದ್ದು

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)





ಈ ಸಭೆಯಲ್ಲಿ ಪ್ರತಿವರ್ಷ ‘ಚೆನ್ನಾಗಿ ಓದಿ, ಹೆತ್ತವರ ಹೆಸರು ಉಳಿಸಿ’ ಎಂದು ಹೇಳುವುದು ವಾಡಿಕೆ. ಆ ಮಾತನ್ನು ಅಧ್ಯಕ್ಷರು ಆಗಲೇ ಹೇಳಿದ್ದಾರೆ. ನಾವು ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸಿದವರು. ಸಮಾಜ ವಿಜ್ಞಾನದಲ್ಲಿ ಮೂಲಭೂತ ಹಕ್ಕುಗಳ ಪಾಠವಿದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ನಾಲ್ಕು ಅಂಕ ತೆಗೆಯುತ್ತಾರೆ. ಅದೇ ಮಕ್ಕಳು ಎರಡು ಮೂರು ವರ್ಷ ಕಳೆದು ರಾತ್ರಿ ಬೈಕಿನಲ್ಲಿ ಬರುವಾಗ ಪೊಲೀಸರು ಕೈ ಅಡ್ಡ ಹಿಡಿದರೆ ಆ ಪಾಠದ ಒಂದು ಸಾಲೂ ನೆನಪಿಗೆ ಬರುವುದಿಲ್ಲ. ಪರೀಕ್ಷೆಗೆ ಓದಿದ್ದು ರಸ್ತೆಗೆ ಬಾರದೆ ಹೋದರೆ ಕಲಿಸಿದ ನಮಗೂ ಸಮಾಧಾನವಿಲ್ಲ. ಆದ್ದರಿಂದ ಇಂದು ಆ ಪಾಠವನ್ನೇ ಇನ್ನೊಮ್ಮೆ ಮಾಡಲು ನಿಂತಿದ್ದೇವೆ.

ಪೊಲೀಸರನ್ನು ಕಂಡಾಗ ನಮ್ಮ ಹುಡುಗರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಒಬ್ಬ ಹೆದರಿ ಗಾಡಿ ತಿರುಗಿಸಿ ಓಡುತ್ತಾನೆ, ಇನ್ನೊಬ್ಬ ಏರು ದನಿಯಲ್ಲಿ ವಾದಕ್ಕೆ ನಿಲ್ಲುತ್ತಾನೆ. ಓಡಿದವನ ಮೇಲೆ ಇಲ್ಲದ ಅನುಮಾನ ಬರುತ್ತದೆ. ವಾದಕ್ಕೆ ನಿಂತವನದು ಹೆಲ್ಮೆಟ್ ಇಲ್ಲದ ಸಣ್ಣ ವಿಷಯವಾಗಿದ್ದರೂ ಸರಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಕೇಸಾಗಿ ಬೆಳೆಯುತ್ತದೆ. ಮನೆಯವರು ಮಾಡುವುದು ಮೂರನೆಯ ಬಗೆ: ಠಾಣೆಯಲ್ಲಿ ತನಗೆ ಪರಿಚಯವಿದೆ ಎಂದು ಹೇಳಿಕೊಳ್ಳುವ ಒಬ್ಬನನ್ನು ಹುಡುಕಿ ಅವನ ಕೈಗೆ ಹಣ ಕೊಡುತ್ತಾರೆ. ಈ ಮೂರಕ್ಕೂ ಮೂಲ ಒಂದೇ, ಕಾನೂನು ಏನು ಹೇಳುತ್ತದೆ ಎಂಬುದು ಗೊತ್ತಿಲ್ಲದಿರುವುದು.

ಕನ್ನಡ ಮೇಷ್ಟರ ಒಂದು ಮಾತು ಹೇಳಿ ಮುಂದೆ ಹೋಗುತ್ತೇವೆ. ಹಕ್ಕು ಎಂಬುದು ಅರಬ್ಬಿಯ ‘ಹಖ್’ ಎಂಬ ಪದ. ವಕೀಲ, ಜಾಮೀನು, ಅರ್ಜಿ, ಫಿರ್ಯಾದಿ, ಮಹಜರು ಇವೂ ಅರಬ್ಬಿ ಪಾರಸಿಯಿಂದ ಬಂದು ಕನ್ನಡದ್ದೇ ಆಗಿಹೋದ ಪದಗಳು. ದಸ್ತಗಿರಿ ಎನ್ನುವಾಗ ‘ದಸ್ತ್’ ಎಂದರೆ ಪಾರಸಿಯಲ್ಲಿ ಕೈ. ಈ ಪದಗಳು ನಮ್ಮ ಮನೆಮಾತಿಗೂ ಹತ್ತಿರ, ಕೋರ್ಟಿನ ಕನ್ನಡಕ್ಕೂ ಹತ್ತಿರ. ಹಾಗಿದ್ದ ಮೇಲೆ ಕೋರ್ಟು ಕಚೇರಿಯ ವ್ಯವಹಾರ ನಮಗೆ ತಿಳಿಯದು ಎಂದು ಹಿಂದೆ ಸರಿಯಲು ಕಾರಣವಿಲ್ಲ.

ಮೊದಲು ರಸ್ತೆಯ ವಿಷಯ. ಸಮವಸ್ತ್ರದಲ್ಲಿರುವ ಪೊಲೀಸರು ಕೈ ತೋರಿದರೆ ಗಾಡಿ ನಿಲ್ಲಿಸಲೇಬೇಕು. ಲೈಸೆನ್ಸ್ ಕೇಳಿದರೆ ತೋರಿಸಲೇಬೇಕು. ಇದು ಮೋಟಾರು ವಾಹನ ಕಾಯ್ದೆಯ ಮಾತು. ಲೈಸೆನ್ಸ್, ಆರ್‌ಸಿ, ವಿಮೆಯ ಕಾಗದ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿದ್ದರೂ ನಡೆಯುತ್ತದೆ, ನಿಯಮ ಅದನ್ನು ಒಪ್ಪುತ್ತದೆ. ಗ್ಯಾಲರಿಯಲ್ಲಿ ಇಟ್ಟುಕೊಂಡ ಫೋಟೊ ಮಾತ್ರ ಅದಕ್ಕೆ ಸಮವಲ್ಲ. ದಂಡ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ. ಕೈಯಲ್ಲಿ ಹಣವಿಲ್ಲದಿದ್ದರೆ, ತಪ್ಪು ಮಾಡಿಲ್ಲ ಎಂದು ಅನಿಸಿದರೆ, ನೋಟಿಸ್ ಪಡೆದು ಕೋರ್ಟಿನಲ್ಲಿ ಹೇಳಿಕೊಳ್ಳುವ ದಾರಿ ಇದೆ. ರಸೀದಿ ಇಲ್ಲದೆ ಕೊಟ್ಟ ಹಣ ದಂಡವಲ್ಲ. ಅದನ್ನು ಕೊಡುವುದೂ ತಪ್ಪು.

ಇಲ್ಲಿ ತಂದೆತಾಯಿಯರಿಗೂ ಒಂದು ಮಾತಿದೆ. 2019ರ ತಿದ್ದುಪಡಿಯ ನಂತರ 18 ತುಂಬದ ಮಗು ಗಾಡಿ ಓಡಿಸಿ ಅಪರಾಧವಾದರೆ ಶಿಕ್ಷೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ: 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ‘ಅಂಗಡಿಗೆ ಹೋಗಿ ಹಾಲು ತಾ’ ಎಂದು ಸ್ಕೂಟರಿನ ಕೀಲಿ ಕೊಡುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಎರಡನೆಯದು, ನಡೆದು ಹೋಗುವಾಗ ಅಥವಾ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುವಾಗ ವಿಚಾರಿಸಿದರೆ ಏನು ಮಾಡಬೇಕು? ಹೆಸರು, ವಿಳಾಸ ಸರಿಯಾಗಿ ಹೇಳಿ. ಸುಳ್ಳು ಹೆಸರು ಹೇಳಬೇಡಿ. ನಡೆದು ಹೋಗುವವರ ಜೇಬಿನಲ್ಲಿ ಗುರುತಿನ ಚೀಟಿ ಇರಲೇಬೇಕು ಎಂಬ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಆದರೂ ಕಾಲೇಜಿನ ಐಡಿ ಕಾರ್ಡು ಇದ್ದರೆ ಎರಡು ನಿಮಿಷದಲ್ಲಿ ಮುಗಿಯುವ ಮಾತು ಇಲ್ಲದಿದ್ದರೆ ಅರ್ಧ ಗಂಟೆ ಹಿಡಿಯುತ್ತದೆ, ಆದ್ದರಿಂದ ಇಟ್ಟುಕೊಳ್ಳಿ. ‘ಸಾರ್, ಯಾವ ವಿಷಯಕ್ಕೆ ಕೇಳುತ್ತಿದ್ದೀರಿ? ನಾನು ಹೋಗಬಹುದೇ?’ ಎಂದು ವಿನಯದಿಂದ ಕೇಳುವುದು ಯಾವ ಅಪರಾಧವೂ ಅಲ್ಲ. ಹೋಗಬಹುದು ಎಂದರೆ ಹೊರಡಿ. ಬೇಡ ಎಂದರೆ ಕಾರಣ ಕೇಳಿ, ಎದೆ ಮೇಲೆ ಇರುವ ಹೆಸರಿನ ಪಟ್ಟಿಯನ್ನು ಓದಿ ನೆನಪಿಟ್ಟುಕೊಳ್ಳಿ.

ಮೈ ತಪಾಸಣೆ, ಚೀಲದ ತಪಾಸಣೆಯ ವಿಷಯ. ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಹೆಂಗಸರೇ, ಮರ್ಯಾದೆಗೆ ಕುಂದು ಬಾರದಂತೆ ಮಾಡಬೇಕು. ಗಾಂಜಾ ಮುಂತಾದ ಮಾದಕ ವಸ್ತುವಿನ ಅನುಮಾನದ ಮೇಲೆ ಮೈ ತಪಾಸಣೆ ಮಾಡುವುದಾದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ. ಆ ಹಕ್ಕಿದೆ ಎಂದು ಅಧಿಕಾರಿಯೇ ಮೊದಲು ತಿಳಿಸಬೇಕು. 1985ರ ಮಾದಕ ವಸ್ತು ಕಾಯ್ದೆಯ 50ನೇ ಕಲಮು ಇದನ್ನು ಹೇಳುತ್ತದೆ. ಜೊತೆಗೆ ಮೇಷ್ಟರ ಬುದ್ಧಿಮಾತು: ಒಳಗೇನಿದೆ ಎಂದು ಗೊತ್ತಿಲ್ಲದ ಪೊಟ್ಟಣವನ್ನು ಸ್ನೇಹಿತ ಕೊಟ್ಟರೂ ಬ್ಯಾಗಿನಲ್ಲಿ ಹಾಕಿಕೊಳ್ಳಬೇಡಿ. ಆ ಕಾಯ್ದೆಯಲ್ಲಿ ಜಾಮೀನು ಸಿಗುವುದು ಬಹಳ ಕಷ್ಟ.

ಇನ್ನು ಮೊಬೈಲು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2021ರಲ್ಲಿ ಕರ್ನಾಟಕ ಹೈಕೋರ್ಟು, ತನಿಖೆಗಾಗಿ ಫೋನನ್ನು ಶೋಧಿಸಬೇಕಾದರೆ ಸಾಮಾನ್ಯವಾಗಿ ವಾರಂಟ್ ಪಡೆಯಬೇಕು ಎಂದು ಹೇಳಿತು. ಆದ್ದರಿಂದ ರಸ್ತೆ ಬದಿಯಲ್ಲಿ ಲಾಕ್ ತೆಗೆದು ಫೋನ್ ಕೊಡು ಎಂದರೆ, ‘ಸಾರ್, ನೋಟಿಸ್ ಅಥವಾ ವಾರಂಟ್ ಇದ್ದರೆ ಸಹಕರಿಸುತ್ತೇನೆ, ನಮ್ಮ ತಂದೆಗೆ ಒಂದು ಮಾತು ತಿಳಿಸುತ್ತೇನೆ’ ಎನ್ನಬಹುದು. ಕಸಿದುಕೊಂಡರೆ ಎಳೆದಾಡಬೇಡಿ. ಜಪ್ತಿ ಮಾಡಿದರೆ ಮಹಜರಿನಲ್ಲಿ ಫೋನಿನ ಮಾದರಿ, ಐಎಂಇಐ ಸಂಖ್ಯೆ ಬರೆಸಿ, ಪ್ರತಿ ಕೇಳಿ.

ಮೂರನೆಯದು, ಠಾಣೆಗೆ ಬಾ ಎಂದು ಕರೆ ಬಂದಾಗ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಅದರ ಪ್ರಕಾರ ಸಾಕ್ಷಿಯಾಗಿ ಕರೆಸುವುದಾದರೆ ಲಿಖಿತ ಆದೇಶ ಕೊಡಬೇಕು. 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಯಾವುದೇ ವಯಸ್ಸಿನ ಹೆಂಗಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯಿಂದ ಇರುವವರನ್ನು ಸಾಕ್ಷಿ ವಿಚಾರಣೆಗೆ ಠಾಣೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ. ಅವರು ಇರುವ ಮನೆಗೇ ಬಂದು ವಿಚಾರಿಸಬೇಕು. ಈ ಒಂದು ನಿಯಮ ಗೊತ್ತಿದ್ದರೆ ನಮ್ಮ ಎಷ್ಟೋ ತಾಯಂದಿರು ಠಾಣೆಯ ಬೆಂಚಿನ ಮೇಲೆ ಕೂರುವುದು ತಪ್ಪುತ್ತದೆ.

ಆರೋಪವಿದ್ದರೂ ಎಲ್ಲದಕ್ಕೂ ದಸ್ತಗಿರಿ ಬೇಕಿಲ್ಲ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಬಂಧನ ಏಕೆ ಬೇಕು ಎಂಬ ಕಾರಣ ಬರೆಯಬೇಕು ಎಂದು 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಂಧನ ಬೇಡವಾದಲ್ಲಿ ಹಾಜರಾಗುವಂತೆ ನೋಟಿಸ್ ಕೊಡಬೇಕು. ಹೊಸ ಸಂಹಿತೆಯಲ್ಲಿ ಅದು 35ನೇ ಕಲಮು. ನೋಟಿಸ್ ಬಂದರೆ ತಪ್ಪದೆ ಹಾಜರಾಗಿ. ತಪ್ಪಿಸಿಕೊಂಡರೆ ಆ ರಕ್ಷಣೆ ಹೋಗುತ್ತದೆ.

ಒಂದು ನಿದರ್ಶನ ಹೇಳುತ್ತೇವೆ. ನಮ್ಮಲ್ಲಿ ಓದಿದ ಹುಡುಗನೊಬ್ಬ ಬಿಲ್ ಇಲ್ಲದ ಸೆಕೆಂಡ್‌ಹ್ಯಾಂಡ್ ಫೋನ್ ಕೊಂಡಿದ್ದ. ಅದು ಕಳವಾದ ಫೋನ್ ಎಂದು ಠಾಣೆಯಿಂದ ಕರೆ ಬಂತು. ಮರುದಿನ ಬೆಳಗ್ಗೆ ಅವನಿಗೆ ಪಿಯುಸಿ ಪರೀಕ್ಷೆ. ರಾತ್ರಿ ಒಂಬತ್ತಾದರೂ ಮಗ ಬರಲಿಲ್ಲ ಎಂದು ಅವನ ತಾಯಿ ನಮ್ಮ ಮನೆಗೆ ಬಂದರು. ಮಧ್ಯವರ್ತಿಯೊಬ್ಬ ಆಗಲೇ ಹತ್ತು ಸಾವಿರ ಕೇಳಿದ್ದ, ಆಕೆ ಕಿವಿಯ ಓಲೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ಬೀದಿಯ ಯುವ ವಕೀಲರನ್ನು ಕರೆದುಕೊಂಡು ಹೋದೆವು. ಅವರು ದನಿ ಏರಿಸಲಿಲ್ಲ. ‘ಸಾರ್, ಹುಡುಗನನ್ನು ಬಂಧಿಸಿದ್ದೀರೋ, ವಿಚಾರಣೆಗೆ ಕರೆಸಿದ್ದೀರೋ? ಬಂಧನವಾದರೆ ಮೆಮೊ ಕೊಡಿ, ವಿಚಾರಣೆಯಾದರೆ ನೋಟಿಸ್ ಕೊಡಿ, ನಾಡಿದ್ದು ನಾನೇ ಕರೆತರುತ್ತೇನೆ’ ಎಂದರು. ಹಾಲ್‌ಟಿಕೆಟ್ ತೋರಿಸಿದರು. ಸಬ್‌ಇನ್ಸ್‌ಪೆಕ್ಟರು ಸ್ವಲ್ಪ ಹೊತ್ತು ನೋಡಿ, ಫೋನ್ ಇಟ್ಟುಕೊಂಡು, ನೋಟಿಸ್ ಬರೆದು ಕಳುಹಿಸಿದರು. ಹುಡುಗ ಪರೀಕ್ಷೆ ಬರೆದ. ಆಮೇಲೆ ಫೋನ್ ಮಾರಿದವನನ್ನು ತೋರಿಸಿ ಸಾಕ್ಷಿಯೂ ಹೇಳಿದ. ತಾಯಿಯ ಓಲೆ ಕಿವಿಯಲ್ಲೇ ಉಳಿಯಿತು. ಅಲ್ಲಿ ಕೆಲಸ ಮಾಡಿದ್ದು ಪ್ರಭಾವವಲ್ಲ, ಬಂಧನವೋ ವಿಚಾರಣೆಯೋ ಎಂಬ ಸರಿಯಾದ ಒಂದು ಪ್ರಶ್ನೆ.

ನಾಲ್ಕನೆಯದು ದಸ್ತಗಿರಿ. ನಮ್ಮ ಸಂವಿಧಾನದ 22ನೇ ವಿಧಿ ಮೂರು ಮಾತು ಹೇಳುತ್ತದೆ. ಬಂಧಿಸಿದವನಿಗೆ ಕಾರಣ ತಿಳಿಸಬೇಕು. ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮುಂಜಾಗ್ರತಾ ಬಂಧನದ ಕಾನೂನುಗಳಿಗೆ ಬೇರೆ ನಿಯಮವಿದೆ, ಉಳಿದ ಎಲ್ಲ ಬಂಧನಕ್ಕೂ ಇದೇ. ಕಾರಣ ತಿಳಿಸದ ಬಂಧನ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟು 2025ರಲ್ಲೂ ಮತ್ತೆ ಹೇಳಿದೆ.

ಬಂಧಿಸುವ ಅಧಿಕಾರಿಯ ಹೆಸರು ಕಾಣುವಂತಿರಬೇಕು. ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೊಬ್ಬರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ರುಜು, ಬಂಧಿತನ ರುಜು ಇರಬೇಕು. ಮನೆಯವರಿಗೆ ಅಥವಾ ಸ್ನೇಹಿತರಿಗೆ ಸುದ್ದಿ ಮುಟ್ಟಿಸಬೇಕು. ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ವಿಚಾರಣೆಯ ಪೂರ್ತಿ ಹೊತ್ತು ಅಲ್ಲದಿದ್ದರೂ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಈ ನಿಯಮಗಳು ಬಂದ ಬಗೆ ಮಕ್ಕಳಿಗೆ ತಿಳಿದಿರಲಿ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಅವರು ಠಾಣೆಗಳಲ್ಲಿ ಆಗುತ್ತಿದ್ದ ಸಾವಿನ ಪತ್ರಿಕಾ ವರದಿಗಳನ್ನು ಸೇರಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ, 1996ರ ಡಿಸೆಂಬರಿನಲ್ಲಿ ಹನ್ನೊಂದು ಸೂಚನೆಗಳನ್ನು ಕೊಟ್ಟಿತು. ಇಂದು ಅವುಗಳಲ್ಲಿ ಹೆಚ್ಚಿನವು ಕಾನೂನಿನ ಕಲಮುಗಳೇ ಆಗಿವೆ. ಶಾಲೆಯಲ್ಲಿ ಪತ್ರಲೇಖನ ಕಲಿಸುವುದು ಅಂಕಕ್ಕೆ ಮಾತ್ರವಲ್ಲ.

ಮಾತಾಡುವ ವಿಷಯದಲ್ಲಿ 20ನೇ ವಿಧಿಯನ್ನು ನೆನಪಿಡಿ. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ರುಜು ಹಾಕಬೇಕಾಗಿಯೂ ಇಲ್ಲ. ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಇದನ್ನು ಹೇಳಿದ 2010ರ ಸೆಲ್ವಿ ತೀರ್ಪು ನಮ್ಮ ಕರ್ನಾಟಕ ರಾಜ್ಯದ ವಿರುದ್ಧ ನಡೆದ ಮೊಕದ್ದಮೆಯಲ್ಲೇ ಬಂದದ್ದು. ಖಾಲಿ ಹಾಳೆಗೆ ಮಾತ್ರ ಯಾರು ಹೇಳಿದರೂ, ಎಷ್ಟು ಹೊತ್ತಾದರೂ, ರುಜು ಹಾಕಬೇಡಿ. ಓದಲು ಬಾರದ ತಾಯಂದಿರೇ, ಹೆಬ್ಬೆಟ್ಟು ಒತ್ತುವ ಮೊದಲು ಓದಿ ಹೇಳಿಸಿಕೊಳ್ಳಿ.

ಐದನೆಯದು, ಹೆಂಗಸರು, ವೃದ್ಧರು, ಮಕ್ಕಳು. ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬರಬೇಕು. 60 ದಾಟಿದವರನ್ನು, ಅಶಕ್ತರನ್ನು 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ ಬಂಧಿಸಬೇಕಾದರೆ ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಬೇಕು. 18 ತುಂಬದ ಮಕ್ಕಳನ್ನು ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ವಶಕ್ಕೆ ಕೊಟ್ಟು, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಇದಕ್ಕೆ ವಯಸ್ಸಿನ ದಾಖಲೆ ಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಪ್ರತಿಯೊಂದನ್ನು ಕೈಗೆ ಸಿಗುವ ಜಾಗದಲ್ಲಿ ಇಡಿ.

ಆರನೆಯದು ಹಣದ ಮಾತು. ವಕೀಲರಿಗೆ ಕೊಡಲು ನಮ್ಮಲ್ಲಿ ಎಲ್ಲಿದೆ ಎಂದು ನೀವು ಕೇಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಬಡವರಿಗೂ ಸಿಗುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಜಿಲ್ಲಾ ಕೇಂದ್ರದಲ್ಲಿದೆ, ತಾಲೂಕಿಗೊಂದು ಸಮಿತಿ ಇದೆ. ಸಹಾಯವಾಣಿ 15100. ಜಾಮೀನು ಕೊಡಬಹುದಾದ ಅಪರಾಧಗಳಲ್ಲಿ ಜಾಮೀನು ಯಾರೋ ಮಾಡುವ ಉಪಕಾರವಲ್ಲ, ಅದು ನಿಮ್ಮ ಹಕ್ಕು. ಮಧ್ಯವರ್ತಿಗೆ ಕೊಡುವ ಹಣದಲ್ಲಿ ಮಗುವಿನ ಒಂದು ವರ್ಷದ ಫೀಸು ಕಟ್ಟಬಹುದು.

ಏಳನೆಯದು, ಅನ್ಯಾಯವಾದರೆ ಎಲ್ಲಿಗೆ ಹೋಗಬೇಕು? ಅಲ್ಲೇ ಜಗಳ ಬೇಡ. ಮನೆಗೆ ಬಂದು ದಿನಾಂಕ, ಸಮಯ, ಜಾಗ, ಅಧಿಕಾರಿಯ ಹೆಸರು, ಗಾಡಿ ನಂಬರು, ಆಡಿದ ಮಾತು, ನೋಡಿದವರು ಯಾರು ಎಂಬುದನ್ನು ಅಂದೇ ಬರೆದಿಡಿ. ಪೆಟ್ಟು ಬಿದ್ದಿದ್ದರೆ ಸರಕಾರಿ ಆಸ್ಪತ್ರೆಗೆ ಹೋಗಿ ದಾಖಲೆ ಮಾಡಿಸಿ. ಮ್ಯಾಜಿಸ್ಟ್ರೇಟರು ‘ಏನಾದರೂ ತೊಂದರೆ ಆಯಿತೇ’ ಎಂದು ಕೇಳಿದಾಗ ಹೆದರದೆ ಹೇಳಿ, ಅದು ಹೇಳಬೇಕಾದ ಸರಿಯಾದ ಜಾಗ. ಎಲ್ಲ ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದೆ. ಅದರ ದೃಶ್ಯ ಉಳಿಸಿ ಇಡುವಂತೆ ಅರ್ಜಿಯಲ್ಲೇ ಕೇಳಿ. ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೆ, ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಬಹುದು. ನಿಮ್ಮ ದೂರನ್ನೇ ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ವರಿಷ್ಠಾಧಿಕಾರಿಗಳಿಗೆ ಕಳುಹಿಸಿ. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ದೂರನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ.

ಹಕ್ಕಿನ ಮಾತು ಇಷ್ಟಾದ ಮೇಲೆ ನಮ್ಮ ಕಡೆಯ ಮಾತು. ಮಳೆಯಲ್ಲಿ, ಹಬ್ಬದ ರಾತ್ರಿಯಲ್ಲಿ ನಾವು ಮನೆಯವರ ಜೊತೆ ಇರುವಾಗ ವೃತ್ತದಲ್ಲಿ ನಿಂತಿರುವ ಪೇದೆಗೂ ಮನೆಯಿದೆ, ಮಕ್ಕಳಿದ್ದಾರೆ. ನಮ್ಮ ಶಿಷ್ಯರಲ್ಲೇ ಇಬ್ಬರು ಇಂದು ಪೊಲೀಸ್ ಇಲಾಖೆಯಲ್ಲಿದ್ದಾರೆ. ‘ಮೇಷ್ಟ್ರೇ, ಶಾಂತವಾಗಿ ಕಾನೂನು ಕೇಳುವವರ ಜೊತೆ ಕೆಲಸ ಸುಲಭ’ ಎಂದು ಅವರೇ ಹೇಳುತ್ತಾರೆ. ಕೈ ಮಾಡಿದರೆ, ತಳ್ಳಿದರೆ ಅದು ಬೇರೆಯೇ ಅಪರಾಧ, 2 ವರ್ಷದವರೆಗೆ ಜೈಲಾಗಬಹುದು. ಬಂಧನ ತಪ್ಪು ಎಂದು ಗೊತ್ತಿದ್ದರೂ ಮೈಮೇಲೆ ಬೀಳಬೇಡಿ, ಅದನ್ನು ತಪ್ಪೆಂದು ತೀರ್ಮಾನಿಸುವ ಜಾಗ ಕೋರ್ಟು. ವಾಟ್ಸ್‌ಆ್ಯಪ್ಪಿನಲ್ಲಿ ಬಂದದ್ದನ್ನು ಓದದೆ ಮುಂದೆ ತಳ್ಳಬೇಡಿ. ಸಮುದಾಯಗಳ ನಡುವೆ ದ್ವೇಷ ಹಬ್ಬಿಸುವ ಸಂದೇಶಕ್ಕೆ 3 ವರ್ಷದವರೆಗೆ ಶಿಕ್ಷೆ ಇದೆ, ‘ನಾನು ಬರೆದದ್ದಲ್ಲ, ಫಾರ್ವರ್ಡ್ ಮಾಡಿದ್ದು’ ಎಂಬುದು ಅಲ್ಲಿ ನಡೆಯದು.

ಮಕ್ಕಳೇ, ನಿಮ್ಮಲ್ಲಿ ಹಲವರು ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಒಂದು ರಾತ್ರಿಯ ಗಾಬರಿಯಲ್ಲಿ ತಪ್ಪಿದ ಪರೀಕ್ಷೆ ಒಂದು ವರ್ಷವನ್ನು ನುಂಗುತ್ತದೆ, ವರ್ಷ ಹೋದ ಮೇಲೆ ಓದು ಬಿಟ್ಟವರನ್ನು ನಾವು ಕಂಡಿದ್ದೇವೆ. ಆದ್ದರಿಂದ ಟ್ರಸ್ಟಿನವರಲ್ಲಿ ಎರಡು ಕೋರಿಕೆ ಇಟ್ಟಿದ್ದೇವೆ, ಅವರು ಒಪ್ಪಿದ್ದಾರೆ. ಈ ವರ್ಷದ ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಜೇಬಿನಲ್ಲಿ ಹಿಡಿಯುವ ಒಂದು ಚೀಟಿ ಕೊಡಲಾಗುವುದು. ಅದರಲ್ಲಿ ಕಾನೂನು ನೆರವಿನ 15100, ತುರ್ತಿನ 112, ಮಕ್ಕಳ ಸಹಾಯವಾಣಿ 1098 ಅಚ್ಚಾಗಿರುತ್ತವೆ. ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ ಮನೆಯವರ ಮತ್ತು ಪರಿಚಯದ ಒಬ್ಬ ವಕೀಲರ ನಂಬರನ್ನು ನೀವೇ ಬರೆದುಕೊಳ್ಳಿ. ಫೋನ್ ಕೈ ತಪ್ಪಿದಾಗ ಬಾಯಿಗೆ ಬರುವಂತೆ ಮನೆಯ ನಂಬರೊಂದನ್ನಾದರೂ ಕಂಠಪಾಠ ಮಾಡಿ. ಎರಡನೆಯ ಕೋರಿಕೆ, ಕಾನೂನು ಓದಲು ಬಯಸುವ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ಅರ್ಜಿಗಳಿಗೆ ಆದ್ಯತೆ ಕೊಡಬೇಕು ಎಂಬುದು. ಪ್ರತಿ ಊರಿನಲ್ಲೂ ರಾತ್ರಿ ಒಂಬತ್ತು ಗಂಟೆಗೆ ಬಾಗಿಲು ತಟ್ಟಬಹುದಾದ ಒಬ್ಬ ವಕೀಲರಿರಬೇಕು.

 ಅಲ್ಲಾಹನು ನಿಮ್ಮ ಓದಿನಲ್ಲಿ ಬರಕತ್ ನೀಡಲಿ.